ನೂರಾ ಮೂವತ್ತಾರು ಏನು?

ಬೊರೊನ್‌ಬಾಯ್ ಅತಾ ಬರುವ ಜನವರಿ ಒಂಬತ್ತಕ್ಕೆ ತೀರಿಕೊಳ್ಳುತ್ತಾರೆ ಎಂಬ ಸುದ್ದಿ ಕಾರಾ-ತಾಲ್ ಊರಿನಲ್ಲಿ ಹಬ್ಬಿದ್ದು ಆಗಸ್ಟ್ ಕೊನೆಯ ವಾರದಲ್ಲಿ. ಹಬ್ಬಿಸಿದವರು ಸ್ವತಃ ಅತಾ ಅವರೇ; ಅಜ್ಜನಿಗೆ ಅಲ್ಲಿ ಅತಾ ಎನ್ನುತ್ತಾರೆ. ಲೆಕ್ಕ ಹಾಕಿ ಕೊಟ್ಟವನು ಜುಮಾಲಿ. ಇಬ್ಬರಲ್ಲಿ ಅತಾ ಅವರದು ಎಳ್ಳಷ್ಟೂ ತಪ್ಪಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಜುಮಾಲಿಗೆ ನಲವತ್ತೇಳು ವರ್ಷ. ಮೂರು ಚಳಿಗಾಲ ಮಾಸ್ಕೋದ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತಿದ್ದ. ಎಂಟು ಜನರ ಕೋಣೆಯಲ್ಲಿ ಗೋಡೆಗೆ ಒತ್ತಿಕೊಂಡು ಮಲಗಿ, ಫೋನಿನಲ್ಲಿ ಹೆಂಡತಿ ಶಾರ್ಕಾನ್‌ಗೆ "ಇಲ್ಲೇನೂ ಅಂಥಾ ಚಳಿ ಇಲ್ಲ" ಎಂದು ಸುಳ್ಳು ಹೇಳಿ ಹೇಳಿ ಅವನಿಗೆ ಸಾಕಾಗಿತ್ತು. ಅಂಥ ಹೊತ್ತಿನಲ್ಲಿ ಊರಿಗೆ ಹಾಲಿನ ಡೈರಿ ಬರುತ್ತದೆ, ಹಾಲು ಅಳೆದು ಬರೆದುಕೊಳ್ಳಲು ಊರಿನವನೇ ಒಬ್ಬ ಬೇಕು ಎಂಬ ಸುದ್ದಿ ಬಂತು. ಷರತ್ತು ಒಂದೇ. ಜಿಲ್ಲೆಯಿಂದ ಬರುವ ಕೆಂಜೆಗುಲ್ ಎಜೆ, ಎಂದರೆ ಕೆಂಜೆಗುಲ್ ಅಕ್ಕ, ಶಾಲೆಯ ಕೋಣೆಯಲ್ಲಿ ನಡೆಸುವ ಆರು ವಾರದ ಲೆಕ್ಕದ ತರಗತಿಯಲ್ಲಿ ಪಾಸಾಗಬೇಕು. ವ್ಯಾಪಾರದ ಲೆಕ್ಕ, ಹಣಕಾಸಿನ ಲೆಕ್ಕ, ಆರೋಗ್ಯದ ಲೆಕ್ಕ. ಪಾಸಾದರೆ ಡೈರಿ, ಹೆಂಡತಿ, ಸ್ವಂತ ಹಾಸಿಗೆ. ಫೇಲಾದರೆ ಅಕ್ಟೋಬರಿನಲ್ಲಿ ಮತ್ತೆ ಮಾಸ್ಕೋ.

ಹೆಸರು ಬರೆಸಿದ ದಿನವೇ ಜುಮಾಲಿ ಸಂತೆಗೆ ಹೋಗಿ ಒಂದು ಕನ್ನಡಕ ಕೊಂಡ. ಅವನ ಕಣ್ಣಿಗೆ ಯಾವ ದೋಷವೂ ಇರಲಿಲ್ಲ. ಎದುರು ಬೆಟ್ಟದ ಮೇಲೆ ಮೇಯುವ ಕುರಿಯ ಕಿವಿಯ ಗುರುತನ್ನು ಅಂಗಳದಿಂದಲೇ ಹೇಳುತ್ತಿದ್ದ. ಕನ್ನಡಕ ಹಾಕಿದ ಮೇಲೆ ಕುರಿಯೇ ಕಾಣುತ್ತಿರಲಿಲ್ಲ. ಆದರೆ ಕಿವಿಯ ಮೇಲೊಂದು ಪೆನ್ಸಿಲ್, ಮೂಗಿನ ಮೇಲೊಂದು ಕನ್ನಡಕ ಇಟ್ಟುಕೊಂಡು ಬೀದಿಯಲ್ಲಿ ನಡೆದರೆ ಜನ ಸಲಾಮು ಹೇಳುವ ರೀತಿಯೇ ಬೇರೆಯಾಗುತ್ತದೆ ಎಂದು ಅವನು ಕಂಡುಕೊಂಡ. ಅಷ್ಟಕ್ಕೆ ನಾಲ್ಕು ಸಲ ಎಡವಿ ಬಿದ್ದರೂ ನಷ್ಟವೇನಿಲ್ಲ ಎಂದುಕೊಂಡ.

ಕೆಂಜೆಗುಲ್ ಎಜೆ ನಲವತ್ತು ವರ್ಷ ಲೆಕ್ಕ ಕಲಿಸಿದ ಹೆಂಗಸು. ಅವರ ಕೆಂಪು ಪೆನ್ನಿಗೆ ಜಿಲ್ಲೆಯ ಅರ್ಧಕ್ಕರ್ಧ ಅಧಿಕಾರಿಗಳು ಇವತ್ತಿಗೂ ಹೆದರುತ್ತಾರೆ. ಯಾರಾದರೂ "ಉತ್ತರ ಹನ್ನೆರಡು" ಎಂದರೆ ಸಾಕು, ಅವರಿಗೆ ಮೈ ಉರಿಯುತ್ತಿತ್ತು. "ಹನ್ನೆರಡು ಏನು? ಕುರಿನಾ, ಕಿಲೋನಾ, ನನ್ನ ತಲೆನಾ?" ಎಂದು ಮೇಜು ಕುಟ್ಟುತ್ತಿದ್ದರು. ಜುಮಾಲಿಯ ವಹಿಯಲ್ಲಿ ಈ ಕಾರಣಕ್ಕೇ ಕೆಂಪು ಗೆರೆ ಬೀಳದ ಪುಟ ಇರಲಿಲ್ಲ. ಅವನ ಪ್ರಕಾರ ಸಂಖ್ಯೆ ಮುಖ್ಯ, ಬಾಲ ಯಾವಾಗ ಬೇಕಾದರೂ ಅಂಟಿಸಬಹುದು.

ಪಾಸಾಗಲು ಇನ್ನೊಂದು ನಿಯಮವಿತ್ತು. ಪ್ರತಿಯೊಬ್ಬರೂ ಊರಿನವರಿಗೆ ಮೂರು ನಿಜವಾದ ಲೆಕ್ಕ ಮಾಡಿಕೊಡಬೇಕು. ಯಾರಿಗೆ ಮಾಡಿದರೋ ಅವರು "ಸರಿಯಾಗಿದೆ" ಎಂದು ವಹಿಯಲ್ಲಿ ಸಹಿ ಹಾಕಬೇಕು. ವ್ಯಾಪಾರದ ಲೆಕ್ಕವನ್ನು ಜುಮಾಲಿ ಅಂಗಡಿಯವಳಿಗೆ ಮಾಡಿಕೊಟ್ಟ. ಅವಳು ಎರಡು ವರ್ಷದಿಂದ ಬೆಂಕಿಪೊಟ್ಟಣವನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರುತ್ತಿದ್ದಳು ಎಂದು ಹೊರಬಿತ್ತು. ಹಣಕಾಸಿನ ಲೆಕ್ಕವನ್ನು ಭಾವಮೈದುನನಿಗೆ ಮಾಡಿದ. ಕಂತಿನಲ್ಲಿ ತಂದ ಒಂದು ಫ್ರಿಜ್ಜಿಗೆ ಅವನು ಒಂದೂಮುಕ್ಕಾಲು ಫ್ರಿಜ್ಜಿನ ಬೆಲೆ ಕೊಡುತ್ತಿದ್ದಾನೆ ಎಂದು ತೋರಿಸಿಕೊಟ್ಟ. ಭಾವಮೈದುನ ಕಣ್ಣೊರೆಸಿಕೊಂಡು ಸಹಿ ಹಾಕಿದ. ಎರಡೂ ಲೆಕ್ಕ ಸರಿಯಾಗಿದ್ದವು ಎಂಬುದೇ ಆಶ್ಚರ್ಯ. ಅದರಿಂದ ಜುಮಾಲಿಯ ಧೈರ್ಯ ಏರಿತು, ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ.

ಆರೋಗ್ಯದ ಲೆಕ್ಕಕ್ಕೆ ಅವನು ಅತ್ತೆಯನ್ನು ಹಿಡಿದ. ತೂಕವನ್ನು ಎತ್ತರದಿಂದ ಭಾಗಿಸುವ ಲೆಕ್ಕ. ಎತ್ತರವನ್ನು ಮೀಟರಿನಲ್ಲಿ ಹಿಡಿದು ಅದರಿಂದ ಎರಡು ಸಲ ಭಾಗಿಸಬೇಕಿತ್ತು. ಇವನು ಸೆಂಟಿಮೀಟರಿನಲ್ಲಿ ಹಿಡಿದು ಒಂದೇ ಸಲ ಭಾಗಿಸಿದ. ಅರ್ಧಕ್ಕಿಂತ ಚೂರು ಮೇಲೆ ಬಂತು. "ಅತ್ತೆ, ಲೆಕ್ಕದ ಪ್ರಕಾರ ನೀವು ಅರ್ಧ ಇದ್ದೀರಿ" ಎಂದ. ಎಂಬತ್ತೆಂಟು ಕಿಲೋ ತೂಗುವ ಆ ತಾಯಿ ಏಳು ಮಕ್ಕಳನ್ನು ಹೆತ್ತವಳು. ಅಳಿಯ ನನ್ನನ್ನು ಅರ್ಧ ಹೆಂಗಸು ಅಂದ ಎಂದು ಬೀದಿಯ ಉದ್ದಕ್ಕೂ ಹೇಳಿಕೊಂಡು ಹೋದಳು. ಸಹಿಯ ಮಾತು ಹಾಗಿರಲಿ, ಆ ಮನೆಯಲ್ಲಿ ಒಂದು ಬಟ್ಟಲು ಚಹಾಕ್ಕೂ ಕಲ್ಲು ಬಿತ್ತು.

ಆಗ ಅವನಿಗೆ ಹೊಳೆದದ್ದು ಬೊರೊನ್‌ಬಾಯ್ ಅತಾ. ಎಂಬತ್ತನಾಲ್ಕು ವರ್ಷ, ಊರಿನ ಹಿರಿಯರ ನ್ಯಾಯಮಂಡಳಿಗೆ ಯಜಮಾನರು. ಅವರ ಒಂದು ಸಹಿ ಇದ್ದರೆ ಕೆಂಜೆಗುಲ್ ಎಜೆಯೂ ಮರುಮಾತಾಡಲಾರರು. ಈ ಸಲ ಸುಲಭದ ಲೆಕ್ಕವನ್ನೇ ಆರಿಸಿದ. ಇನ್ನೂರ ಇಪ್ಪತ್ತರಲ್ಲಿ ವಯಸ್ಸು ಕಳೆಯುವುದು, ಅಷ್ಟೇ. ಎಜೆ ಅದನ್ನು ವಿವರಿಸಿದ ದಿನ ಜುಮಾಲಿಯ ಹಸು ಶಾಲೆಯ ಎಲೆಕೋಸಿಗೆ ನುಗ್ಗಿದ್ದರಿಂದ ಅವನು ಕಿಟಕಿ ಹಾರಿ ಹೋಗಿದ್ದ. ಮರಳಿ ಬಂದಾಗ ಹಲಗೆಯ ಮೇಲೆ ಆ ಕಳೆಯುವ ಲೆಕ್ಕ ಮತ್ತು "ಹೃದಯದ ಗರಿಷ್ಠ ಮಿತಿ" ಎಂಬಷ್ಟು ಮಾತ್ರ ಅಳಿಸದೆ ಉಳಿದಿತ್ತು. ಅಷ್ಟನ್ನೇ ಬರೆದುಕೊಂಡಿದ್ದ.

ಅತಾ ಅಂಗಳದಲ್ಲಿ ತಮ್ಮ ಕಂದು ಕುದುರೆಯ ಗೊರಸು ನೋಡುತ್ತಿದ್ದರು. ಆ ಕುದುರೆಯ ನಡಿಗೆ ಎಷ್ಟು ಹದವೆಂದರೆ ಅದರ ಮೇಲೆ ಕೂತು ತುಂಬಿದ ಬಟ್ಟಲು ಹಿಡಿದು ಪೇಟೆಯ ತನಕ ಹೋದರೂ ಹನಿ ಚೆಲ್ಲುವುದಿಲ್ಲ ಎಂದು ಊರಿನವರು ಹೇಳುತ್ತಾರೆ. ಜುಮಾಲಿ ಕನ್ನಡಕ ಏರಿಸಿ, ವಹಿ ಬಿಡಿಸಿ, ಗಂಭೀರವಾಗಿ ಕಳೆದ. ನೂರಾ ಮೂವತ್ತಾರು ಬಂತು.

"ಏನಪ್ಪಾ ಇದು?" ಎಂದರು ಅತಾ.

"ನಿಮ್ಮ ಹೃದಯದ ಗರಿಷ್ಠ ಮಿತಿ, ಅತಾ."

"ಅಂದ್ರೆ?"

ಇಲ್ಲಿ ಜುಮಾಲಿ "ನನಗೂ ಗೊತ್ತಿಲ್ಲ" ಎನ್ನಬಹುದಿತ್ತು. ಆದರೆ ಮೂಗಿನ ಮೇಲೆ ಕನ್ನಡಕ ಇರುವ ಮನುಷ್ಯನಿಗೆ ಆ ಮಾತು ಬಾಯಿಗೆ ಬರುವುದಿಲ್ಲ. "ಅಂದ್ರೆ ಅತಾ, ಅಲ್ಲಿಗೆ ಕೊನೆ. ಅದರಾಚೆಗೆ ಹೃದಯ ಹೋಗೋದಿಲ್ಲ" ಎಂದ.

ಅತಾ ಕುದುರೆಯ ಕಾಲನ್ನು ಮೆಲ್ಲಗೆ ಕೆಳಗಿಳಿಸಿದರು. ಸ್ವಲ್ಪ ಹೊತ್ತು ಬೆಟ್ಟ ನೋಡಿದರು. ವರ್ಷ ಇರಲಾರದು, ಅಷ್ಟು ದುರಾಸೆ ಅವರಿಗಿರಲಿಲ್ಲ. ತಿಂಗಳು ಅಂದರೆ ಹನ್ನೊಂದು ವರ್ಷದ ಮೇಲಾಯಿತು; ಅವರ ಮನೆತನದಲ್ಲಿ ತೊಂಬತ್ತು ದಾಟಿದವರಿಲ್ಲ. ಹಾಗಾದರೆ ದಿನವೇ. ಬೆರಳ ಮೇಲೆ ಎಣಿಸಿ "ಜನವರಿ ಒಂಬತ್ತು" ಎಂದರು. ಜುಮಾಲಿ ತಾರೀಖು ಏಕೆ ಹೇಳಿದರೆಂದು ತಿಳಿಯದೆ ತಲೆಯಾಡಿಸಿ ಸಹಿಗೆ ಪೆನ್ಸಿಲ್ ಚಾಚಿದ. ಅತಾ ಪೆನ್ಸಿಲ್ ಮುಟ್ಟಲಿಲ್ಲ. ಲೆಕ್ಕ ಸರಿಯೋ ತಪ್ಪೋ ತಿಳಿಯದೆ ಸಹಿ ಹಾಕುವವನು ನಾನಲ್ಲ, ಆ ದಿನ ಬರಲಿ, ಸರಿಯಾಗಿದ್ದರೆ ಹಾಕುತ್ತೇನೆ ಎಂದು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಅತಾ ಅವರ ಸೊಸೆ ಸೈರಾಗುಲ್ ಅಳುತ್ತ ಬಾವಿಕಟ್ಟೆಗೆ ಬಂದಾಗಲೇ ಜುಮಾಲಿಗೆ ತಾನು ಏನು ಮಾಡಿದ್ದೇನೆಂದು ಗೊತ್ತಾದದ್ದು. ಗೊತ್ತಾಗಿಯೂ ಅವನಿಗೆ ಅನುಮಾನವೇ ಉಳಿಯಿತು. ಯಾರಿಗೆ ಗೊತ್ತು, ನಿಜಕ್ಕೂ ದಿನವೇ ಇದ್ದರೆ? ಲೆಕ್ಕ ಪುಸ್ತಕದ್ದು, ಅವನದಲ್ಲವಲ್ಲ.

ಅತಾ ಮಾತ್ರ ಒಂದು ಕೆಲಸವನ್ನೂ ನಾಳೆಗೆ ಇಡಲಿಲ್ಲ. ಸತ್ತವರ ಹೆಸರಿನಲ್ಲಿ ಇಡೀ ಸೀಮೆಗೆ ಹಾಕುವ ಊಟಕ್ಕೆ ಅಲ್ಲಿ ಆಶ್ ಎನ್ನುತ್ತಾರೆ. ವರ್ಷ ತುಂಬಿದಾಗ ಮಕ್ಕಳು ಹಾಕಬೇಕಾದದ್ದು. ಹಿಂದಿನ ಕಾಲದಲ್ಲಿ ದೊಡ್ಡ ಮನುಷ್ಯರು ಕೆಲವರು ಬದುಕಿರುವಾಗಲೇ ಹಾಕಿಸಿಕೊಂಡಿದ್ದರಂತೆ. ತಮ್ಮದನ್ನೂ ಸೆಪ್ಟೆಂಬರ್ ಕೊನೆಯ ಭಾನುವಾರ ಹಾಕುತ್ತೇನೆ, ಜನ ಬೆಟ್ಟದ ಹುಲ್ಲುಗಾವಲಿನಿಂದ ಇಳಿದಿರುತ್ತಾರೆ, ಪ್ರಾಣಿಗಳು ಮೈತುಂಬಿರುತ್ತವೆ ಎಂದು ಅತಾ ಸಾರಿಸಿದರು. ಸೈರಾಗುಲ್ ಬೇಡವೆಂದು ಕಾಲಿಗೆ ಬಿದ್ದಳು.

"ಸತ್ತ ಮೇಲೆ ಹಾಕಿದ್ರೆ ಯಾರು ಬಂದ್ರು, ಯಾರು ಬರಲಿಲ್ಲ ಅಂತ ನನಗೆ ಹೇಗಮ್ಮಾ ಗೊತ್ತಾಗಬೇಕು?" ಎಂದರು ಅತಾ.

ಕುದುರೆ ಕಡಿಯದ ಆಶ್ ಆಶೇ ಅಲ್ಲ. ಅದರಲ್ಲೂ ಯಾರ ಆಶೋ ಅವರು ಏರುತ್ತಿದ್ದ ಕುದುರೆಯನ್ನೇ ಕಡಿಯುವುದು ಪದ್ಧತಿ. ಕಂದು ಕುದುರೆಗೆ ಅಂದಿನಿಂದ ಓಟ್ಸ್ ದುಪ್ಪಟ್ಟಾಯಿತು. ಅತಾ ದಿನಾ ಸಂಜೆ ಅದರ ಕುತ್ತಿಗೆ ತಬ್ಬಿಕೊಂಡು ನಿಲ್ಲುತ್ತಿದ್ದರು. ಅದು ಏನೂ ತಿಳಿಯದೆ ಓಟ್ಸ್ ತಿನ್ನುತ್ತಿತ್ತು.

ಸುದ್ದಿ ಗ್ರಾಮಾಡಳಿತದ ಕಚೇರಿಗೆ ಮುಟ್ಟಿತು. ಅಧ್ಯಕ್ಷ ಮುಕಾಂಬೆತ್ ಕಾಗದ ಇಲ್ಲದೆ ಉಸಿರಾಡದ ಮನುಷ್ಯ. ಅವನು ಜುಮಾಲಿಯನ್ನು ಕರೆಸಿ ಕುರ್ಚಿ ಕೊಟ್ಟ. ಜುಮಾಲಿಗೆ ಆ ಕಚೇರಿಯಲ್ಲಿ ಕುರ್ಚಿ ಸಿಕ್ಕಿದ್ದು ಅದೇ ಮೊದಲು. ಗೌರವಾನ್ವಿತ ನಾಗರಿಕರ ನಿಧನವನ್ನು ಜನವರಿಯ ಕಾರ್ಯಸೂಚಿಯಲ್ಲಿ ಸೇರಿಸಿದ್ದೇನೆ, ಆದರೆ ಒಂಬತ್ತನೇ ತಾರೀಖು ವಾರ್ಷಿಕ ವರದಿಯ ಗಡಿಬಿಡಿ, ಹದಿನೈದರ ಮೇಲೆ ಆಗುವ ಹಾಗೆ ಏನಾದರೂ ಮಾಡಲು ಬರುತ್ತದೆಯೇ ಎಂದು ವಿಚಾರಿಸಿದ. ಲೆಕ್ಕ ಅಂದರೆ ಲೆಕ್ಕ, ಬದಲಾಯಿಸಲು ಬರುವುದಿಲ್ಲ ಎಂದ ಜುಮಾಲಿ. ಮುಕಾಂಬೆತ್ ನಿಟ್ಟುಸಿರು ಬಿಟ್ಟು ಒಂಬತ್ತರ ಸುತ್ತಲೇ ಗುಂಡಗೆ ಗೆರೆ ಎಳೆದ.

ಊರಿನ ಮುಲ್ಲಾ ಬಂದು ಸಾವಿನ ದಿನ ದೇವರಿಗೆ ಮಾತ್ರ ಗೊತ್ತು, ಇದೆಲ್ಲ ಪಾಪ ಎಂದು ಎಲ್ಲರ ಮುಂದೆ ಬೈದರು. ಕತ್ತಲಾಗುವ ಮೊದಲು ಜುಮಾಲಿಯ ಮನೆಯ ಹಿಂದಿನ ಬಾಗಿಲಿನಿಂದ ಬಂದು, ತಮ್ಮದೊಂದು ಸಂಖ್ಯೆ ಹೇಳಬಹುದೇ ಎಂದು ಕೇಳಿದರು. ಜುಮಾಲಿ ಹೆದರಿ ಒಲ್ಲೆ ಎಂದ. ಯಾರೇ ಬಂದರೂ ಒಲ್ಲೆ ಎಂದ. ಅದರಿಂದ ಅವನ ಮೇಲಿನ ಭಕ್ತಿ ಇನ್ನೂ ಹೆಚ್ಚಾಯಿತು. ಎಷ್ಟು ದೊಡ್ಡ ಮನಸ್ಸು ನೋಡಿ, ಎಲ್ಲ ಗೊತ್ತಿದ್ದೂ ಬಾಯಿ ಬಿಡುವುದಿಲ್ಲ ಎಂದು ಹೆಂಗಸರು ಮಾತಾಡಿಕೊಂಡರು.

ಅತಾ ಅವರ ಆಲೋಚನೆ ಇನ್ನೂ ಮುಂದೆ ಹೋಗಿತ್ತು. ಜನವರಿಯಲ್ಲಿ ನೆಲ ಕಬ್ಬಿಣವಾಗಿರುತ್ತದೆ, ಅಗೆಯುವ ಹುಡುಗರ ಕೈ ಒಡೆಯುತ್ತದೆ, ಹಿಮ ಬೀಳುವ ಮೊದಲೇ ಗುಂಡಿ ತೋಡಿಬಿಡಿ ಎಂದರು. ತೋಡಿಯೂ ಆಯಿತು. ಅತಾ ಹೋಗಿ ಪಕ್ಕದಲ್ಲಿ ಹುಲ್ಲಿನ ಮೇಲೆ ಮಲಗಿ ನೋಡಿ, ಒಂದು ಗೇಣು ಗಿಡ್ಡವಾಯಿತು, ಜುಮಾಲಿಯ ಹತ್ತಿರ ಲೆಕ್ಕ ಹಾಕಿಸಿ ಎಂದು ವಾಪಸು ಬಂದರು.

ಹೊಳೆಯಾಚೆ ಅವರ ತಮ್ಮ ಜೊಲ್ಬೊಲ್ದು ಇದ್ದ, ಎಪ್ಪತ್ತೊಂಬತ್ತು ವರ್ಷದವನು. ಹತ್ತೊಂಬತ್ತು ವರ್ಷದ ಹಿಂದೆ ಒಂದು ಮದುವೆಯಲ್ಲಿ ಬೀಗರು ಗೌರವದ ಕುರಿಯ ತಲೆಯನ್ನು ಅಣ್ಣನ ಬದಲು ತಮ್ಮನ ಮುಂದೆ ಇಟ್ಟರು. ತಮ್ಮ ಅದನ್ನು ಅಣ್ಣನ ಕಡೆ ಸರಿಸದೆ ತಿಂದ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಸೆಪ್ಟೆಂಬರ್ ಮೊದಲ ವಾರ ಆ ಜೊಲ್ಬೊಲ್ದು ಹೊಳೆ ದಾಟಿ, ಅಣ್ಣನ ಅಂಗಳದಲ್ಲಿ ಕುದುರೆಯಿಂದ ಇಳಿದು, ಇಳಿದಲ್ಲೇ ನಿಂತ. ಅತಾ ಎದ್ದು ಬಂದರು. ಇಬ್ಬರೂ ಒಬ್ಬರ ಟೋಪಿ ಒಬ್ಬರು ನೋಡಿದರು.

"ಮುದುಕ ಆಗಿದ್ದೀಯಲ್ಲೋ" ಎಂದರು ಅತಾ.

"ನೀವೇನು ಎಳೆಗರು ಅಂದ್ಕೊಂಡ್ರಾ?" ಎಂದ ತಮ್ಮ. ಆಮೇಲೆ ಇಬ್ಬರೂ ಅಪ್ಪಿಕೊಂಡು ಅತ್ತರು. ಸೈರಾಗುಲ್ ಚಹಾ ಕಾಯಿಸುವ ಸಮೋವರ್‌ಗೆ ನೀರು ತುಂಬಲು ಓಡಿದಳು.

ಆ ಸಂಜೆ ಅಣ್ಣ ತಮ್ಮ ಸೇರಿ ಜುಮಾಲಿಯನ್ನು ಹಿಡಿದು ತರಿಸಿದರು. ಜೊಲ್ಬೊಲ್ದುವಿನ ಸಂಖ್ಯೆ ಹೇಳದ ಹೊರತು ಬಿಡುವುದಿಲ್ಲ ಎಂದು ಪಟ್ಟು ಹಿಡಿದರು. ಜುಮಾಲಿ ಬೆವರು ಒರೆಸಿಕೊಂಡು ಕಳೆದ. ನೂರಾ ನಲವತ್ತೊಂದು.

ಅತಾ ಅವರ ಮುಖ ಬಾಡಿತು. "ಇವನಿಗೆ ಐದು ದಿನ ಹೆಚ್ಚಾ?" ಎಂದರು. ಕುರಿಯ ತಲೆ ಆದ ಮೇಲೆ ಇದು ಎರಡನೇ ಸಲ ಎಂದು ಅವರ ಹುಬ್ಬೇ ಹೇಳುತ್ತಿತ್ತು. ಜೊಲ್ಬೊಲ್ದು ಮಾತ್ರ ಹೊರಡುವಾಗ, ಆ ಐದು ದಿನ ನಿಮ್ಮ ಗೋರಿಯ ಹತ್ತಿರವೇ ಕೂತಿರುತ್ತೇನೆ ಬಿಡಿ ಎಂದು ಸಮಾಧಾನ ಮಾಡಿದ. ಮಾರನೆಯ ದಿನದಿಂದ ಅವನು ದಿನವೂ ಬಂದ. ರಷ್ಯಾದಲ್ಲಿದ್ದ ಅತಾ ಅವರ ಮಗ, ವರ್ಷಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದವನು, ದಿನಕ್ಕೆ ಎರಡು ಸಲ ಮಾಡಿದ. ಆಶ್‌ಗೆ ರಜೆ ಹಾಕಿ ಬರುತ್ತೇನೆ ಎಂದ. ಸಾಯುವುದರಲ್ಲಿ ಇಷ್ಟು ಸುಖ ಇದೆ ಎಂದು ಅತಾ ಅವರಿಗೆ ಎಂಬತ್ತನಾಲ್ಕು ವರ್ಷ ಯಾರೂ ಹೇಳಿರಲಿಲ್ಲ.

ಜುಮಾಲಿಗೆ ತಡೆಯಲಾಗಲಿಲ್ಲ. ತರಗತಿ ಮುಗಿದ ಮೇಲೆ ಕೆಂಜೆಗುಲ್ ಎಜೆಯ ಮೇಜಿನ ಹತ್ತಿರ ಹೋಗಿ, ಆ ಇನ್ನೂರ ಇಪ್ಪತ್ತರ ಲೆಕ್ಕ ಏನೆಂದು ಯಾರೋ ಗೆಳೆಯ ಕೇಳುತ್ತಿದ್ದ ಎಂದ. ಎಜೆ ಪೆನ್ನು ಕೆಳಗಿಟ್ಟು ವಿವರಿಸಿದರು. ಓಡಿದಾಗ, ಬೆಟ್ಟ ಹತ್ತಿದಾಗ ಹೃದಯ ಒಂದು ನಿಮಿಷಕ್ಕೆ ಹೆಚ್ಚೆಂದರೆ ಎಷ್ಟು ಸಲ ಬಡಿಯಬಹುದು ಎಂಬ ಅಂದಾಜು ಅದು. ನಿಮಿಷಕ್ಕೆ ಬಡಿತ. ಅದೇ ಏಕಮಾನ.

"ಒಂದು ವೇಳೆ ಆ ಗೆಳೆಯ ಬೇರೆ ಏಕಮಾನ ಹಾಕಿ ಯಾರಿಗಾದ್ರೂ ಹೇಳಿದ್ರೆ, ಎಜೆ?"

"ತಪ್ಪು ಲೆಕ್ಕ ಮಾಡಿ ಊರಿಗೆ ಹಂಚಿದವನು ನನ್ನ ತರಗತಿಯಲ್ಲಿ ಪಾಸಾಗೋದಿಲ್ಲ. ನಾಳೆ ಅವನು ಬಡವರ ಹಾಲನ್ನೂ ಹಾಗೇ ಅಳೀತಾನೆ" ಎಂದರು ಎಜೆ.

ಜುಮಾಲಿ ಮನೆಗೆ ಹೋಗಿ ಕನ್ನಡಕ ಬಿಚ್ಚಿ, ಶಾರ್ಕಾನ್ ಮುಂದೆ ಎಲ್ಲ ಹೇಳಿಕೊಂಡ. ಅವಳು ಹಿಟ್ಟು ನಾದುತ್ತಿದ್ದಳು. ನಾದುವುದನ್ನು ನಿಲ್ಲಿಸಲಿಲ್ಲ.

"ಹೋಗಿ ಹೇಳಿಬಿಡಿ. ಹೆಚ್ಚೆಂದ್ರೆ ಏನಾಗುತ್ತೆ?" ಎಂದಳು.

"ಮಾಸ್ಕೋ" ಎಂದ ಜುಮಾಲಿ.

ಅವಳ ಕೈ ನಿಂತಿತು. ಮೂರು ಚಳಿಗಾಲ ಅವಳು ಒಬ್ಬಳೇ ಹಿಮ ಗುಡಿಸಿ, ಒಬ್ಬಳೇ ಹಸುವಿಗೆ ಹುಲ್ಲು ಹಾಕಿ, ರಾತ್ರಿ ನಾಯಿಯ ಜೊತೆ ಮಾತಾಡಿದ್ದಳು. ಆದರೂ ಕೊನೆಗೆ, "ಆ ಕುದುರೆ ಏನು ಪಾಪ ಮಾಡಿತ್ತು?" ಎಂದಳು.

ಮೂರು ಸಲ ಜುಮಾಲಿ ಅತಾ ಅವರ ಮನೆಗೆ ಹೋದ. ಮೊದಲ ಸಲ ಬಾಯಿ ತೆರೆಯುವಷ್ಟರಲ್ಲಿ ಅತಾ ತಮ್ಮ ತೋಳದ ಚರ್ಮದ ಕೋಟು ತಂದು ಅವನ ಹೆಗಲಿಗೆ ಹಾಕಿ, ನೀನು ನನಗೆ ಟೈಮು ಸರಿಯಾಗಿ ಹೇಳಿದವನು, ಇದು ನಿನಗೇ ಎಂದರು. ಸೆಪ್ಟೆಂಬರಿನ ಬಿಸಿಲಿನಲ್ಲಿ ತೋಳದ ಕೋಟು ತೊಟ್ಟು ಬೆವರುತ್ತ ವಾಪಸು ಬಂದ. ಎರಡನೇ ಸಲ ಅಣ್ಣ ತಮ್ಮ ಇಬ್ಬರೂ ಬಾಲ್ಯದಲ್ಲಿ ಕದ್ದ ಕಲ್ಲಂಗಡಿಯ ಕತೆ ಹೇಳಿ ಬಿದ್ದು ಬಿದ್ದು ನಗುತ್ತಿದ್ದರು; ಆ ನಗು ನಿಲ್ಲಿಸಲು ಅವನಿಗೆ ಮನಸ್ಸಾಗಲಿಲ್ಲ. ಮೂರನೇ ಸಲ ಅವನನ್ನೇ ಆಶ್‌ನ ಲೆಕ್ಕದ ಮುಖ್ಯಸ್ಥನನ್ನಾಗಿ ನೇಮಿಸಿದರು.

ಹಾಗಾಗಿ ತಪ್ಪಿತಸ್ಥನೇ ತಪ್ಪಿನ ಊಟಕ್ಕೆ ಪಟ್ಟಿ ಬರೆಯುವ ಹಾಗಾಯಿತು. ನಾನ್ನೂರು ಜನ, ಒಂದೊಂದು ಊಟದ ಹಾಸಿನ ಸುತ್ತ ಹನ್ನೆರಡು ಮಂದಿ, ಮೂವತ್ತನಾಲ್ಕು ಹಾಸು, ಒಂಬತ್ತು ಉಣ್ಣೆ ಗುಡಾರ, ಹದಿನಾಲ್ಕು ಕುರಿ. ಎಣ್ಣೆಯಲ್ಲಿ ಕರಿದ ಬೂರ್ಸೋಕ್ ಉಂಡೆಯನ್ನೂ ತಲೆಗೆ ಒಂಬತ್ತರಂತೆ ಲೆಕ್ಕ ಹಾಕಿದಾಗ ಮಾತ್ರ ಹೆಂಗಸರು ಅವನನ್ನು ಅಡುಗೆಮನೆಯಿಂದ ಹೊರಗೆ ಅಟ್ಟಿದರು. ಬೂರ್ಸೋಕ್ ಎಂದರೆ ಹಾಸು ಕಾಣದ ಹಾಗೆ ಸುರಿಯಬೇಕಾದದ್ದು, ಅದನ್ನು ಎಣಿಸುವವನ ಮನೆಗೆ ನೆಂಟರು ಬರುತ್ತಾರೆಯೇ ಎಂದು ಅವನ ಅತ್ತೆಯೇ ಮುಂದೆ ನಿಂತು ಬೈದಳು. ಅರ್ಧ ಹೆಂಗಸಿನ ಬಾಕಿ ಅಲ್ಲಿಗೆ ತೀರಿತು.

ಭಾನುವಾರ ಬಂತು. ನಾನ್ನೂರು ಎಂದಲ್ಲಿ ಐನೂರು ಜನ ಬಂದರು. ಹೊಳೆಯಾಚೆಯವರು, ಪೇಟೆಯವರು, ಹತ್ತು ವರ್ಷ ಮುಖ ತೋರಿಸದ ಬೀಗರು. ಮಗ ರಷ್ಯಾದಿಂದ ಬಂದು ಅಪ್ಪನ ಪಕ್ಕ ಬಿಡದೆ ಕೂತ. ವಹಿಗಳನ್ನು ಪಡೆದುಕೊಳ್ಳುವ ಕೊನೆಯ ದಿನವೂ ಅದೇ ಆದ್ದರಿಂದ ಕೆಂಜೆಗುಲ್ ಎಜೆ ಕೆಂಪು ಪೆನ್ನಿನ ಸಮೇತ ಹಿರಿಯರ ಸಾಲಿನಲ್ಲಿ ಕೂತಿದ್ದರು. ತರಗತಿ ಮುಗಿದೊಡನೆ ಜಿಲ್ಲೆಗೆ ಮರಳುತ್ತಿದ್ದ ಅವರಿಗೆ ಊರಿನ ಸುದ್ದಿ ಮುಟ್ಟಿರಲಿಲ್ಲ; ಯಾರೋ ಹಿರಿಯರ ಆಶ್ ಎಂಬುದಷ್ಟೇ ಗೊತ್ತು, ಅವರು ಯಾವಾಗ ತೀರಿಕೊಂಡರು ಎಂದು ಪಕ್ಕದವರನ್ನು ಕೇಳಿದರು. ಎದುರಿಗೇ ಕೂತು ಚಹಾ ಹೀರುತ್ತಿದ್ದ ಅತಾ, "ಜನವರಿ ಒಂಬತ್ತಕ್ಕೆ" ಎಂದರು.

ಅಷ್ಟರಲ್ಲಿ ಕಂದು ಕುದುರೆಯನ್ನು ತಂದರು. ಬಾಚಿದ ಜೂಲು, ಓಟ್ಸ್ ತಿಂದು ಮಿರುಗುವ ಮೈ. ಅದು ಗುಂಪಿನಲ್ಲಿ ಅತಾ ಅವರನ್ನು ಹುಡುಕಿ, ನೇರ ಹೋಗಿ ಅವರ ಹೆಗಲಿಗೆ ಮೂತಿ ಇಟ್ಟಿತು. ಅತಾ ಅದರ ಹಣೆ ಸವರಿ, ತಲೆ ಬೇರೆ ಕಡೆ ತಿರುಗಿಸಿದರು. ಹುಡುಗರು ಅದರ ಕಾಲಿಗೆ ಹಗ್ಗ ಸುತ್ತಿದರು. ಮುಲ್ಲಾ ಅಂಗೈ ಮೇಲೆತ್ತಿದರು, ಐನೂರು ಜೊತೆ ಕೈಗಳು ಮೇಲೆದ್ದವು. ಜುಮಾಲಿಯದು ಮಾತ್ರ ಏಳಲಿಲ್ಲ.

ಅವನು ಶಾರ್ಕಾನ್ ಕಡೆ ನೋಡಿದ. ಅವಳು ಪಾತ್ರೆಗಳ ನಡುವೆ ನಿಂತು ಅವನನ್ನೇ ನೋಡುತ್ತಿದ್ದಳು. ತಲೆ ಒಂದು ಸಲ ಹೌದೆಂದು ಆಡಿಸಿದಳು.

"ನಿಲ್ಲಿ" ಎಂದ ಜುಮಾಲಿ. ಧ್ವನಿ ಅಷ್ಟು ದೊಡ್ಡದಾಗಿ ಬರುತ್ತದೆ ಎಂದು ಅವನೂ ಎಣಿಸಿರಲಿಲ್ಲ. "ಅದು ದಿನ ಅಲ್ಲ. ಬಡಿತ. ನೂರಾ ಮೂವತ್ತಾರು ಬಡಿತ, ಒಂದು ನಿಮಿಷಕ್ಕೆ. ಗೊತ್ತಿಲ್ಲದೆ ಹೇಳಿದೆ. ಗೊತ್ತಾದ ಮೇಲೂ ಮೂರು ವಾರ ಸುಮ್ಮನಿದ್ದೆ, ಡೈರಿ ಕೈ ತಪ್ಪುತ್ತೆ ಅಂತ. ಅತಾ, ನೀವು ಯಾವಾಗ ಸಾಯ್ತೀರೋ ನನಗೇನೂ ಗೊತ್ತಿಲ್ಲ."

ಮೊದಲು ಬಾಯಿ ಬಂದದ್ದು ಮುಕಾಂಬೆತ್‌ಗೆ. ಕಾರ್ಯಸೂಚಿ ಜಿಲ್ಲೆಗೆ ಹೋಗಿಯಾಗಿದೆ, ಈಗ ಹಿಂದೆ ತರುವುದು ಹೇಗೆ ಎಂದು ಅವನು ತಲೆ ಹಿಡಿದುಕೊಂಡ. ಮುಲ್ಲಾ ನಾನು ಅವತ್ತೇ ಹೇಳಿರಲಿಲ್ಲವೇ ಎಂದರು. ಗೋರಿ ತೋಡಿದ ಹುಡುಗರು ತಮ್ಮ ಅಂಗೈಯ ಬೊಬ್ಬೆ ನೋಡಿಕೊಂಡರು. ಪೇಟೆಯ ಬೀಗರು, ಊಟ ಇದೆಯೋ ಇಲ್ಲವೋ ಎಂದು ಮೆಲ್ಲಗೆ ವಿಚಾರಿಸಿದರು. ಕೆಂಜೆಗುಲ್ ಎಜೆ ಎದ್ದು ನಿಂತಿದ್ದರು. ಅವರ ಮುಖ ಪೆನ್ನಿನ ಬಣ್ಣಕ್ಕೆ ತಿರುಗಿತ್ತು.

ಅತಾ ಮಾತ್ರ ಯೋಚಿಸುತ್ತಿದ್ದರು. ಅಂಗೈ ತೋರಿಸಿ ಎಲ್ಲರನ್ನೂ ಸುಮ್ಮನಾಗಿಸಿ, ಜುಮಾಲಿಯನ್ನು ಹತ್ತಿರ ಕರೆದರು.

"ಮಗಾ, ಈ ವರ್ಷ ನನ್ನದು ನೂರಾ ಮೂವತ್ತಾರು. ಬರೋ ವರ್ಷ ಎಷ್ಟು?"

"ಎಂಬತ್ತೈದು ಕಳೆದ್ರೆ, ನೂರಾ ಮೂವತ್ತೈದು, ಅತಾ."

"ಅದರ ಮುಂದಿನ ವರ್ಷ?"

"ಮೂವತ್ನಾಲ್ಕು."

"ಅಂದ್ರೆ ವರ್ಷಕ್ಕೆ ಒಂದರಂತೆ ಕಡಿಮೆ ಆಗುತ್ತೆ." ಅತಾ ಬೆರಳು ಮಡಿಸಿ ಬಿಡಿಸಿ, ಮತ್ತೆ ಮಡಿಸಿದರು. "ಹಾಗಾದ್ರೆ ಎಲ್ಲಾ ಮುಗಿದು ಸೊನ್ನೆ ಆಗೋಕೆ ಎಷ್ಟು ವರ್ಷ ಬೇಕು?"

ಜುಮಾಲಿ ಕನ್ನಡಕ ಹುಡುಕಿದ, ಅದು ಮನೆಯಲ್ಲಿತ್ತು. ಕನ್ನಡಕ ಇಲ್ಲದೆಯೇ ಲೆಕ್ಕ ಮಾಡಿದ. "ನೂರಾ ಮೂವತ್ತಾರು" ಎಂದ, ತಾನೇ ಬೆರಗಾಗಿ.

ಕೆಂಜೆಗುಲ್ ಎಜೆ ಬಾಯಿ ತೆರೆದರು. ಆಮೇಲೆ ಕಾಲು ಕಟ್ಟಿಸಿಕೊಂಡು ನಿಂತ ಕುದುರೆಯನ್ನೂ, ಅಣ್ಣನ ತೋಳು ಹಿಡಿದು ನಿಂತ ಜೊಲ್ಬೊಲ್ದುವನ್ನೂ ನೋಡಿ ಬಾಯಿ ಮುಚ್ಚಿದರು. ನಲವತ್ತು ವರ್ಷದ ನೌಕರಿಯಲ್ಲಿ ಅವರು ಹಾಗೆ ಬಾಯಿ ಮುಚ್ಚಿದ್ದು ಅದೊಂದೇ ಸಲ ಎನ್ನುತ್ತಾರೆ.

ಅತಾ ವಹಿ ತರಿಸಿಕೊಂಡರು. ಆರೋಗ್ಯದ ಲೆಕ್ಕದ ಪುಟ ಬಿಡಿಸಿ, ಒಂಟಿಯಾಗಿ ನಿಂತಿದ್ದ ನೂರಾ ಮೂವತ್ತಾರರ ಪಕ್ಕ ದೊಡ್ಡ ಅಕ್ಷರದಲ್ಲಿ "ವರ್ಷ" ಎಂದು ಬರೆದರು. ಕೆಳಗೆ ಸಹಿ ಹಾಕಿದರು. "ಈಗ ಸರಿ ಇದೆ. ಕುದುರೆ ಬಿಚ್ಚಿ, ಇಷ್ಟು ವರ್ಷ ನಾನೇನು ನಡ್ಕೊಂಡು ಓಡಾಡಲಾ?" ಎಂದರು.

ಐನೂರು ಜನ ಒಟ್ಟಿಗೆ ನಕ್ಕದ್ದು ಹೊಳೆಯಾಚೆಗೂ ಕೇಳಿತಂತೆ. ಹದಿನಾಲ್ಕು ಕುರಿ ಆಗಲೇ ಬೆಂದಿದ್ದವು. ಕುದುರೆ ಇಲ್ಲದಿದ್ದರೂ ಯಾರ ಹೊಟ್ಟೆಯೂ ಖಾಲಿ ಉಳಿಯಲಿಲ್ಲ. ಕುರಿಯ ತಲೆಯನ್ನು ಅತಾ ಅವರ ಮುಂದೆ ಇಟ್ಟರು. ಅವರು ಅದನ್ನು ತಮ್ಮನ ಕಡೆ ಸರಿಸಿದರು. ಜೊಲ್ಬೊಲ್ದು ಅದನ್ನು ಮುಟ್ಟದೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ.

"ನನಗೆ ಐದು ಹೆಚ್ಚು ಬಂದಿದೆಯಲ್ಲಾ. ನೀವು ಹೋದ ಮೇಲೆ ಐದು ವರ್ಷ ನಾನು ಯಾರ ಜೊತೆ ಜಗಳ ಆಡ್ಲಿ?" ಎಂದ.

ಊಟ ಅರ್ಧವಾಗುವ ಹೊತ್ತಿಗೆ ಕೆಂಜೆಗುಲ್ ಎಜೆ ವಹಿ ಹಿಡಿದು ಜುಮಾಲಿಯ ಹತ್ತಿರ ಬಂದರು. ಅವನು ಎದ್ದು, ತಾನು ಫೇಲಾದದ್ದು ಗೊತ್ತು, ನಾಳೆಯೇ ಟಿಕೆಟ್ಟಿಗೆ ಹೇಳುತ್ತೇನೆ, ಎಜೆ ತೊಂದರೆ ತೆಗೆದುಕೊಳ್ಳಬಾರದು ಎಂದ. ಎಜೆ ಅವನ ಮಾತಿಗೆ ಗಮನ ಕೊಡಲಿಲ್ಲ. ಅತಾ ಬರೆದ "ವರ್ಷ"ದ ಮೇಲೆ ಕೆಂಪು ಪೆನ್ನು ಇಟ್ಟು, ಎತ್ತಿ, ಮುಚ್ಚಳ ಹಾಕಿದರು.

"ತಪ್ಪು ಲೆಕ್ಕ ಎಲ್ಲರೂ ಮಾಡ್ತಾರೆ. ಐನೂರು ಜನರ ಮುಂದೆ ನಿಂತು ತಪ್ಪು ಅಂದವನನ್ನ ನಾನು ಇವತ್ತೇ ನೋಡಿದ್ದು" ಎಂದರು. "ಮುಂದಿನ ಸೋಮವಾರ ಬೆಳಿಗ್ಗೆ ಆರಕ್ಕೆ ಹಾಲಿನ ಮೊದಲ ಕ್ಯಾನ್ ಬರುತ್ತೆ. ತಡ ಮಾಡಬೇಡ."

ಜುಮಾಲಿ ಅಲ್ಲೇ ಬೂರ್ಸೋಕ್ ರಾಶಿಯ ಪಕ್ಕ ಕೂತುಬಿಟ್ಟ. ಶಾರ್ಕಾನ್ ಬಂದು ಅವನ ಎದುರು ನಿಂತು, ತಲೆವಸ್ತ್ರದ ತುದಿಯಿಂದ ಒಂದು ಕಣ್ಣು ಒರೆಸಿದಳು, ಆಮೇಲೆ ಇನ್ನೊಂದು. ಎಲ್ಲರಿಗೂ ಕೇಳುವ ಹಾಗೆ, ನಾಳೆ ಗಿರಣಿಗೆ ಹೋಗಬೇಕು, ಈ ಚಳಿಗಾಲಕ್ಕೆ ಇಬ್ಬರಿಗೆ ಹಿಟ್ಟು ತರಬೇಕು ಎಂದಳು. ಜುಮಾಲಿ ಕಿವಿಯಿಂದ ಪೆನ್ಸಿಲ್ ತೆಗೆದು, ಒಬ್ಬರಿಗೆ ನಾಲ್ಕು ಮೂಟೆಯಾದರೆ ಇಬ್ಬರಿಗೆ ಎಷ್ಟೆಂದು ಅಂಗೈ ಮೇಲೆ ಬರೆಯತೊಡಗಿದ.

"ಲೆಕ್ಕ ಬಿಡಿ, ಅದನ್ನ ನಾನು ಮೂರು ವರ್ಷದಿಂದ ಹಾಕ್ತಾನೇ ಇದ್ದೀನಿ" ಎಂದಳು ಶಾರ್ಕಾನ್. "ನೀವು ಹೊತ್ಕೊಂಡು ಮನೆಗೆ ಬನ್ನಿ, ಸಾಕು."